ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮು 41 ವರ್ಷ ಎಲ್ಲಿ ಹೋಗಿತ್ತು? (ಡೆಲ್ಟಾ ಸ್ಟೇಟ್ ಇತಿಹಾಸ, ಜೊತೆಗೆ ನಮ್ಮ ಕಲಬುರಗಿ ಮಾತು)

ಸೇಡಂ ರೋಡ್:
ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ಅಂದರೆ ಎಲ್ಲರ ಬಾಯಲ್ಲೂ ಅಮೆರಿಕದ ಟೆನೆಸ್ಸೀ, ಇಲ್ಲವೇ ಕನೆಕ್ಟಿಕಟ್ ಯೂನಿವರ್ಸಿಟಿ. ನನ್ನ ತಲೆಯಲ್ಲಿ ಕೂತಿರುವುದು ಬೇರೆ ಟೀಮು. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಕ್ಲೀವ್‌ಲ್ಯಾಂಡ್ ಅಂತ ಒಂದು ಸಣ್ಣ ಊರಿದೆ (ಒಹಾಯೊದ ದೊಡ್ಡ ಕ್ಲೀವ್‌ಲ್ಯಾಂಡ್ ಅಲ್ಲ). ಸುತ್ತಲೂ ಹತ್ತಿ ಹೊಲ. ಶಿಕ್ಷಕರನ್ನು ತಯಾರು ಮಾಡುವ ಕಾಲೇಜಾಗಿ 1925ರಲ್ಲಿ ಅಲ್ಲಿ ಪಾಠ ಶುರುವಾಯಿತು. ಈಗ ಅದು ಡೆಲ್ಟಾ ಸ್ಟೇಟ್ ಯೂನಿವರ್ಸಿಟಿ.

ಶುರುವಿನಲ್ಲೇ ಅಲ್ಲಿ ಹುಡುಗಿಯರ ಟೀಮಿತ್ತು, ಚೆನ್ನಾಗಿಯೇ ಆಡುತ್ತಿತ್ತು. 1932ರಲ್ಲಿ ಆಡಳಿತದವರು ಟೀಮನ್ನೇ ಮುಚ್ಚಿದರು. ಕೊಟ್ಟ ಕಾರಣ, ಇಷ್ಟು ದಣಿವಿನ ಆಟ ಹೆಣ್ಣುಮಕ್ಕಳಿಗೆ ತಡೆಯುವುದಿಲ್ಲ ಅಂತ. ಹುಡುಗಿಯರು ಅತ್ತು ತಮ್ಮ ಆಟದ ಬಟ್ಟೆಗಳನ್ನು ಸುಟ್ಟು ಹಾಕಿದರು. ಅವರಲ್ಲಿ ಒಬ್ಬರು ಮಾರ್ಗರೆಟ್ ವೇಡ್.

ಆ ಟೀಮು ಮತ್ತೆ ಹುಟ್ಟಿದ್ದು 1973ರಲ್ಲಿ. ಕೋಚ್ ಯಾರು? ಅದೇ ಮಾರ್ಗರೆಟ್ ವೇಡ್, ಆಗ ಅವರಿಗೆ ಅರವತ್ತು. ಎರಡನೇ ವರ್ಷಕ್ಕೇ, ಅಂದರೆ 1974-75ರಲ್ಲಿ, ಆಡಿದ 28ಕ್ಕೆ 28 ಗೆದ್ದು ರಾಷ್ಟ್ರೀಯ ಚಾಂಪಿಯನ್. 1976, 1977ರಲ್ಲೂ ಅವರೇ. ನಡುವೆ ಸತತವಾಗಿ 51 ಪಂದ್ಯ ಸೋತಿರಲಿಲ್ಲ.

ಈ ಕಥೆ ಹೇಳುವವರೆಲ್ಲ 1932ರಿಂದ ಸೀದಾ 1973ಕ್ಕೆ ಹಾರುತ್ತಾರೆ. ನನಗೆ ಬೇಕಿರುವುದು ನಡುವಿನ 41 ವರ್ಷ. ಎರಡು ತಲೆಮಾರು ಟೀಮೇ ಇಲ್ಲದ ಕಡೆ ಎರಡೇ ವರ್ಷದಲ್ಲಿ ಚಾಂಪಿಯನ್ ಹೇಗೆ ಎದ್ದು ಬರುತ್ತದೆ? ಕಲಬುರಗಿ, ಯಾದಗಿರಿ, ಬೀದರ್ ಕಡೆ ಹುಡುಗಿಯರ ಟೀಮು ಕಟ್ಟಲು ಹೊರಟವರಿಗೆ ಇದು ಗೊತ್ತಾದರೆ ಉಪಯೋಗ ಅನ್ನಿಸಿ ಇಲ್ಲಿ ಹಾಕಿದ್ದೇನೆ.

ಸೂಪರ್ ಮಾರ್ಕೆಟ್:
ಅಕ್ಕಾ, ಇದರಾಗ ಗುಟ್ಟೇನದ? ಕಾನೂನು ಬಂತು, ಟೀಮ್ ಬಂತು. 1972ರಾಗ ಅಮೆರಿಕದ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಟೈಟಲ್ ನೈನ್ ಅಂತ ಅದಲ್ಲ, ಸರ್ಕಾರದ ರೊಕ್ಕ ತಗೊಳ್ಳೋ ಕಾಲೇಜು ಗಂಡು ಹೆಣ್ಣು ಅಂತ ಭೇದ ಮಾಡಂಗಿಲ್ಲ ಅಂತ. ಮರುವರ್ಷನೇ ಡೆಲ್ಟಾ ಸ್ಟೇಟ್ ಟೀಮ್ ಎದ್ದದ. ನಮ್ಮ ಕಡೀನೂ ಹಂಗೊಂದು ಕಾಯ್ದೆ ತಂದ್ರ ಎಲ್ಲಾ ಸರಿಹೋಗ್ತದ.

ಸೇಡಂ ರೋಡ್:
ತಮ್ಮಾ, ಕಾನೂನಿನ ಬಲ ಇಲ್ಲ ಅನ್ನುವುದಿಲ್ಲ. ಆದರೆ ತಾರೀಖು ನೋಡು. ಸಹಿ ಬಿದ್ದದ್ದು 1972ರ ಜೂನ್‌ನಲ್ಲಿ, ಆಟೋಟಕ್ಕೆ ಅದು ಹೇಗೆ ಅನ್ವಯ ಅನ್ನುವ ನಿಯಮ ಬಂದದ್ದು 1975ರಲ್ಲಿ. ಅಷ್ಟರಲ್ಲಿ ಡೆಲ್ಟಾ ಸ್ಟೇಟ್ ಕಪ್ ಎತ್ತಿಯಾಗಿತ್ತು.

ಅವರಿಗಿಂತ ಮುಂಚಿನ ಚಾಂಪಿಯನ್ನರನ್ನು ನೋಡು, ಇಮಾಕ್ಯುಲೇಟಾ. ಫಿಲಡೆಲ್ಫಿಯಾ ಹತ್ತಿರ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಚಿಕ್ಕ ಹೆಣ್ಣುಮಕ್ಕಳ ಕಾಲೇಜು. ಅವರ ಆಟದ ಹಾಲ್ 1967ರಲ್ಲಿ ಸುಟ್ಟುಹೋಗಿತ್ತು. ಕೋಚ್ ಕ್ಯಾಥಿ ರಶ್ ಅವರಿಗೆ ಇಡೀ ಸೀಸನ್‌ಗೆ 450 ಡಾಲರ್. 1972ರ ಮೊದಲ ರಾಷ್ಟ್ರೀಯ ಪಂದ್ಯಾವಳಿಗೆ ಇಲಿನಾಯ್‌ಗೆ ಹೋಗಲು ದುಡ್ಡಿಲ್ಲದೆ ಹಲ್ಲುಜ್ಜುವ ಬ್ರಷ್ ಮಾರಿದರು. ಎಲ್ಲರಿಗೂ ಟಿಕೆಟ್ ಹೊಂದಲಿಲ್ಲ, ಕೆಲವು ಆಟಗಾರ್ತಿಯರನ್ನು ಮನೆಯಲ್ಲೇ ಬಿಟ್ಟು ಹೋದರು. ಕೆಲವೇ ದಿನ ಮೊದಲು 32 ಪಾಯಿಂಟ್‌ಗಳಿಂದ ತಮ್ಮನ್ನು ಹೊಡೆದಿದ್ದ ವೆಸ್ಟ್ ಚೆಸ್ಟರ್ ಟೀಮನ್ನೇ ಫೈನಲ್‌ನಲ್ಲಿ 52-48ಕ್ಕೆ ಸೋಲಿಸಿದರು. ಮುಂದಿನ ಪಂದ್ಯಗಳಲ್ಲಿ ಸನ್ಯಾಸಿನಿಯರು ಗ್ಯಾಲರಿಯಲ್ಲಿ ಕೂತು ಬಕೆಟ್ ಬಡಿಯುತ್ತಿದ್ದರು ಅಂದರೆ ನಂಬಬೇಕು. 1972, 73, 74, ಮೂರು ಸಲ ಅವರದೇ ಕಪ್. 1975ರ ಫೈನಲ್‌ನಲ್ಲಿ ಅವರನ್ನು 90-81ಕ್ಕೆ ಇಳಿಸಿದ್ದು ಡೆಲ್ಟಾ ಸ್ಟೇಟ್. ಈ ಯಾವುದರಲ್ಲೂ ಕಾನೂನಿನ ರೊಕ್ಕ ಇರಲಿಲ್ಲ.

ಹಳೇ ಪಿ.ಡಿ.:
ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರ ವೇಡ್ ಅವರ ನೌಕರಿಯಲ್ಲೇ ಇದೆ. ಕಾಲೇಜಿನಲ್ಲಿ ಟೀಮು ಮುಚ್ಚಿತು, ಹೈಸ್ಕೂಲುಗಳಲ್ಲಿ ಮುಚ್ಚಲಿಲ್ಲ. ವೇಡ್ ಅದೇ ಕ್ಲೀವ್‌ಲ್ಯಾಂಡ್ ಊರಿನ ಹೈಸ್ಕೂಲಿನಲ್ಲಿ 19 ವರ್ಷ ಹುಡುಗಿಯರಿಗೆ ಕೋಚ್ ಆಗಿದ್ದರು. ಗೆದ್ದದ್ದು 453, ಸೋತದ್ದು 89, ಡ್ರಾ 6. 1959ರಲ್ಲಿ ಡೆಲ್ಟಾ ಸ್ಟೇಟ್‌ಗೆ ದೈಹಿಕ ಶಿಕ್ಷಣ ವಿಭಾಗಕ್ಕೆ ಬಂದರು. ಅಂದರೆ 1973ರಲ್ಲಿ ಟೀಮು ಮತ್ತೆ ಬೇಕು ಅಂದಾಗ ಕೋಚ್ ಕ್ಯಾಂಪಸ್ಸಿನಲ್ಲೇ ಇದ್ದರು, ಸುತ್ತಲಿನ ಹೈಸ್ಕೂಲುಗಳಲ್ಲಿ ಚೆಂಡು ಹಿಡಿದು ಬೆಳೆದ ಹುಡುಗಿಯರೂ ಇದ್ದರು. 41 ವರ್ಷ ಟೀಮಿಗೆ ಮೇಲಿನ ಮಾಳಿಗೆ ಇರಲಿಲ್ಲ, ಕೆಳಗಿನ ಮನೆ ಇದ್ದೇ ಇತ್ತು.

ಇನ್ನೊಂದು ಮಾತು. ಆ ಹೈಸ್ಕೂಲು ಆಟ ನಾವು ಇವತ್ತು ನೋಡುವ ಆಟವಲ್ಲ. ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರ್‌ನಲ್ಲಿ, ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ನೈಸ್ಮಿತ್ ಅವರ ಕೈಯಲ್ಲಿ. ಮರುವರ್ಷವೇ ಹತ್ತಿರದ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಅದನ್ನು ಹುಡುಗಿಯರಿಗೆ ಕಲಿಸಲು ತಂದರು. 1893ರ ಮಾರ್ಚ್‌ನಲ್ಲಿ ಅಲ್ಲಿ ಮೊದಲ ಪಂದ್ಯ ನಡೆಯಿತು, ಗಂಡಸರಿಗೆ ಪ್ರವೇಶವಿಲ್ಲ. ಆದರೆ ಬೆರೆನ್ಸನ್ ಅಂಕಣವನ್ನು ಮೂರು ಪಟ್ಟಿ ಮಾಡಿದರು, ತನ್ನ ಪಟ್ಟಿ ದಾಟುವಂತಿಲ್ಲ. ಎದುರಾಳಿ ಕೈಯಿಂದ ಚೆಂಡು ಕಸಿಯುವಂತಿಲ್ಲ, ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದಿರುವಂತಿಲ್ಲ, ಮೂರಕ್ಕಿಂತ ಹೆಚ್ಚು ಸಲ ಪುಟಿಸುವಂತಿಲ್ಲ. ಹುಡುಗಿಯರು ದಣಿಯಬಾರದು ಎಂಬ ಕಾಳಜಿ, ನೋಡಿ.

ಮುಂದೆ ಮೂರು ಪಟ್ಟಿ ಹೋಗಿ ಎರಡಾಯಿತು. ಒಂದು ಕಡೆಗೆ ಆರು ಜನ, ಅದರಲ್ಲಿ ಮೂವರು ಬರೀ ಬುಟ್ಟಿಗೆ ಹಾಕುವವರು, ಮೂವರು ಬರೀ ತಡೆಯುವವರು. ಮಧ್ಯದ ಗೆರೆ ದಾಟಿದರೆ ಫೌಲ್. ಬುಟ್ಟಿಗೆ ಒಂದು ಸಲವೂ ಎಸೆಯದೆ ಹೈಸ್ಕೂಲು ಮುಗಿಸಿದ ಗಾರ್ಡ್‌ಗಳು ಎಷ್ಟೋ ಜನ. ಕಾಲೇಜು ಹುಡುಗಿಯರಿಗೆ ಐದು ಜನರ, ಪೂರ್ತಿ ಅಂಕಣದ ಆಟ ಬಂದದ್ದು 1971ರಲ್ಲಿ. ಅಯೋವಾ ರಾಜ್ಯದ ಹೈಸ್ಕೂಲುಗಳಲ್ಲಂತೂ ಆರು ಜನರ ಆಟ 1993ರವರೆಗೂ ಎಳೆಯಿತು.

ಜೇವರ್ಗಿ ಜಂಪ್‌ಶಾಟ್:
ಸರ, ಎಲ್ಲಾ ಹೇಳಿದ್ರಿ, ಆಕಿ ಹೆಸರು ಯಾರೂ ಹೇಳಲಿಲ್ಲಲ್ಲ! ಲೂಸಿಯಾ ಹ್ಯಾರಿಸ್! ಡೆಲ್ಟಾ ಸ್ಟೇಟ್ ಅಂದ್ರ ಆಕೀನೇ.

ಮಿಂಟರ್ ಸಿಟಿ ಅಂತ ಹಳ್ಳಿ, ಪಾಲಿಗೆ ಹೊಲ ಮಾಡೋರ ಮನಿ. ಹನ್ನೊಂದು ಮಕ್ಕಳಾಗ ಹತ್ತನೇದಾಕಿ. ಸಣ್ಣಾಕಿದ್ದಾಗ ಹತ್ತಿ ಬಿಡಿಸ್ಯಾಳ. ಎತ್ತರ ಆರಡಿ ಮೂರಿಂಚು. ಸಾಲ್ಯಾಗ ಎಲ್ಲಾರೂ ಉದ್ದಕ್ಕದಾಳ, ಅಷ್ಟೇ, ಮತ್ತೇನಿಲ್ಲ ಅಂತ ಆಡ್ಕೋತಿದ್ರಂತ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಕೌದಿ ಹೊತ್ಕೊಂಡು ಟಿವಿಯಾಗ ಗಂಡಸರ ಮ್ಯಾಚ್ ನೋಡ್ತಿದ್ಲು, ಅವ್ವಗ ಗೊತ್ತಾಗಬಾರದಂತ. 1975ರ ಫೈನಲ್‌ನಾಗ ಆಕಿ ಒಬ್ಬಾಕಿನೇ 32 ಪಾಯಿಂಟ್, 16 ರಿಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯೋದು). 1976ರಾಗ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಮೊದಲ ಸಲ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಬಂತು. ಆ ಒಲಿಂಪಿಕ್ಸ್‌ನ ಮೊಟ್ಟಮೊದಲ ಬಾಸ್ಕೆಟ್ ಹಾಕಿದಾಕಿನೂ ಇವಳೇ, ಜಪಾನ್ ಮ್ಯಾಲ. ಅಮೆರಿಕಕ್ಕ ಬೆಳ್ಳಿ ಬಂತು, ಬಂಗಾರ ಸೋವಿಯತ್‌ದವರಿಗೆ. ಕಾಲೇಜು ಮುಗಿಯೋದ್ರಾಗ ಸರಾಸರಿ ಒಂದು ಮ್ಯಾಚಿಗೆ 25.9 ಪಾಯಿಂಟ್!

ಆಕಿ ಕಥೆ ಓದಿದ ಮ್ಯಾಲ ಶಹಾಪುರ, ಜೇವರ್ಗಿ ಕಡಿ ಹತ್ತಿ ಹೊಲದಾಗ ನಿಂತ ಹುಡುಗ್ಯಾರನ್ನ ನೋಡಿದ್ರ ನನಗ ಆಕೀನೇ ಕಾಣ್ತಾಳ. ಹತ್ತಿ ಬಿಡಿಸಿದ ಕೈಗೆ ಚೆಂಡು ಹಿಡಿಯೋದು ಯಾವ ಲೆಕ್ಕ?

ಶಹಾಪುರದಾಕಿ:
ಅಲ್ಲೂ ಹತ್ತಿ ಇಲ್ಲೂ ಹತ್ತಿ ಅಂತ ಗಂಟು ಹಾಕಬ್ಯಾಡ ತಂಗಿ. ನಾ ಹತ್ತಿ ಬಿಡಿಸಿ ಬೆಳದಾಕಿ. ಸೀಸನ್ ಬಂತಂದ್ರ ಕ್ಲಾಸಿಗೇ ಹೋಗಾಕ ಆಗೂದಿಲ್ಲ, ಗ್ರೌಂಡ್ ದೂರದ ಮಾತು. ಬೆರಳ ತುದಿ ಎಲ್ಲಾ ತೊಳಿ ಚುಚ್ಚಿ ಹರಿದಿರ್ತಾವ, ಚೆಂಡು ಮುಟ್ಟಿದ್ರ ಉರೀತದ.

ನೀ ಬಿಟ್ಟ ಸಂಗತಿ ನಾ ಹೇಳ್ತೀನಿ. ಆ ಟೀಮಿನಾಗ ಕರಿ ಹುಡುಗಿ ಅಂತ ಇದ್ದಾಕಿ ಲೂಸಿಯಾ ಒಬ್ಬಾಕಿನೇ. ಕರಿಯರಿಗೆ ಆ ಕಾಲೇಜಿನ ಬಾಗಲ ತೆಗೆದದ್ದೇ 1967ರಾಗ. 1932ರಾಗ ಬಟ್ಟಿ ಸುಟ್ಟು ಅತ್ತರಲ್ಲ, ಅವರ ಜೋಡಿ ಕೂತು ಅಳೋ ಹಕ್ಕೂ ಲೂಸಿಯಾನ ಅವ್ವನ ಕಾಲದವರಿಗೆ ಇದ್ದಿಲ್ಲ. 1975ರಾಗ ಅದೇ ಕಾಲೇಜು ಆಕೀನ್ನ ಹೋಮ್‌ಕಮಿಂಗ್ ಕ್ವೀನ್ (ಹಳೇ ವಿದ್ಯಾರ್ಥಿಗಳ ಹಬ್ಬದ ರಾಣಿ) ಅಂತ ಆರಿಸಿತು, ಆ ಪಟ್ಟ ಸಿಕ್ಕ ಮೊದಲ ಕರಿ ಹುಡುಗಿ. ಟೀಮಿನ ಇತಿಹಾಸ ಬರೀಬೇಕಂದ್ರ ಇದನ್ನೂ ಬರೀಬೇಕು. ನಮ್ಮೂರಾಗೂ ಯಾವ ಓಣಿ ಹುಡುಗಿ ಗ್ರೌಂಡಿಗೆ ಬರ್ತಾಳ, ಯಾವ ಓಣಿಯಾಕಿ ಬರಂಗಿಲ್ಲ ಅಂತ ಒಂದ್ಸಲ ಲೆಕ್ಕ ಹಾಕಿ ನೋಡ್ರಿ.

ಆಮ್ಯಾಲ ಏನಾತು ಅನ್ನೋದೂ ಅದ. 1977ರಾಗ ನ್ಯೂ ಓರ್ಲಿಯನ್ಸ್ ಜಾಝ್ ಅನ್ನೋ ಗಂಡಸರ ಎನ್‌ಬಿಎ ಟೀಮು ಡ್ರಾಫ್ಟ್‌ನಾಗ (ಹೊಸ ಆಟಗಾರರನ್ನ ಆರಿಸ್ಕೊಳ್ಳೋ ಸರದಿ) ಆಕಿ ಹೆಸರು ಹಿಡೀತು. ಆಕಿ ಬಸುರಿದ್ಲು, ಒಲ್ಲೆ ಅಂದ್ಲು. ಹೆಣ್ಣುಮಕ್ಕಳಿಗೆ ನೆಟ್ಟಗೆ ನಿಂತ ಲೀಗ್ ಇದ್ದಿಲ್ಲ, ಡಬ್ಲ್ಯುಎನ್‌ಬಿಎ ಶುರುವಾದದ್ದು 1997ರಾಗ. ಆಕಿ ಆಟ ಇಪ್ಪತ್ತೆರಡಕ್ಕೇ ಹೆಚ್ಚೂಕಡಿಮಿ ಮುಗೀತು. ಮನಸ್ಸಿನ ರೋಗದ ಜೋಡಿ ಭಾಳ ವರ್ಷ ಗುದ್ದಾಡಿದ್ಲು. 1992ರಾಗ ನೈಸ್ಮಿತ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ರು. 2022ರ ಜನವರಿಯಾಗ ತೀರಿಕೊಂಡ್ಲು. ಆಕಿ ಮ್ಯಾಲಿನ ಸಣ್ಣ ಸಾಕ್ಷ್ಯಚಿತ್ರಕ್ಕ ಆಸ್ಕರ್ ಬಂದದ್ದು ಅದಾಗಿ ಎರಡು ತಿಂಗಳಿಗೆ.

ಜೇವರ್ಗಿ ಜಂಪ್‌ಶಾಟ್:
ಅಕ್ಕಾ, ತೊಳಿ ಚುಚ್ಚೋ ಮಾತು ಖರೇ ಅದ. ಆದ್ರ ಆಕಿ ಕಥೆ ಕೇಳಿ ಒಬ್ಬಾಕಿ ಬಂದ್ರೂ ಲಾಭ ಅಂತ ನಾ ಹೇಳಾಕಿನೇ.

ಸೂಪರ್ ಮಾರ್ಕೆಟ್:
ಸರಿ, ಅಮೆರಿಕ ಆತು. ಈಗ ನಮ್ಮ ಯೂನಿವರ್ಸಿಟಿ ಟೀಮ್ ಹೆಂಗ ಆಗ್ತದ ಅದನ್ನ ಯಾರರೆ ಹೇಳ್ರಿ. ನನಗ ಗೊತ್ತಿರೋದು ಟ್ರ್ಯಾಕ್‌ಸೂಟ್ ಹಾಕ್ಕೊಂಡು ಸ್ಟೇಷನ್‌ನಾಗ ನಿಂತಿರ್ತಾರ ಅಷ್ಟೇ.

ಹಳೇ ಪಿ.ಡಿ.:
ಮೊದಲು ಕಾಲೇಜು ಕಾಲೇಜುಗಳ ನಡುವೆ ಪಂದ್ಯ. ಅದರಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ಯೂನಿವರ್ಸಿಟಿ ಟೀಮು, 12 ಜನ. ಚಿಕ್ಕದೊಂದು ಕೋಚಿಂಗ್ ಕ್ಯಾಂಪ್. ಅಲ್ಲಿಂದ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ದಕ್ಷಿಣ ವಲಯದ ಪಂದ್ಯಾವಳಿ. ಅಲ್ಲಿ ಮೇಲೆ ಬಂದವರಿಗೆ ಅಖಿಲ ಭಾರತ ಮಟ್ಟ. 2020ರಿಂದ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಸೇರಿದೆ, ಮೊದಲನೆಯದು ಭುವನೇಶ್ವರದಲ್ಲಿ ನಡೆಯಿತು.

ತೊಂದರೆ ಎಲ್ಲಿ ಅಂದರೆ ದಕ್ಷಿಣ ವಲಯದಲ್ಲಿ ಎದುರಿಗೆ ಬರುವುದು ಚೆನ್ನೈ, ಕೇರಳ, ಬೆಂಗಳೂರಿನ ಟೀಮುಗಳು. ಅಲ್ಲಿಯ ಹುಡುಗಿಯರು ಹತ್ತು ಹನ್ನೊಂದು ವಯಸ್ಸಿಗೇ ಚೆಂಡು ಹಿಡಿದವರು. ನಮ್ಮ ಹುಡುಗಿಯರಲ್ಲಿ ಹೆಚ್ಚಿನವರು ಡಿಗ್ರಿಗೆ ಬಂದ ಮೇಲೆ ಮೊದಲ ಸಲ ರಿಂಗ್ ನೋಡಿದವರು. ಖೋ-ಖೋ, ಕಬಡ್ಡಿಯಿಂದ ಬರುತ್ತಾರೆ. ಕಾಲು ಚುರುಕು, ಉಸಿರು ಗಟ್ಟಿ, ಡಿಫೆನ್ಸ್ ಬೇಗ ಹಿಡಿಯುತ್ತಾರೆ. ಎಡಗೈಯಲ್ಲಿ ಲೇಅಪ್ (ಓಡಿ ಬಂದು ರಿಂಗ್ ಹತ್ತಿರ ಜಿಗಿದು ಚೆಂಡು ಹಾಕುವುದು) ಮಾತ್ರ ಇಪ್ಪತ್ತನೇ ವಯಸ್ಸಿಗೆ ಕಲಿಸಿದರೆ ಕೂರುವುದಿಲ್ಲ, ಎಷ್ಟು ಕಿರುಚಿದರೂ ಬಲಗೈಗೇ ಹೋಗುತ್ತದೆ. ಅಷ್ಟೊತ್ತಿಗೆ ಮೂರು ವರ್ಷ ಮುಗಿದು ಮದುವೆ ಮಾತು ಬಂದಿರುತ್ತದೆ. ಮರುವರ್ಷ ಮತ್ತೆ ಸೊನ್ನೆಯಿಂದ.

ಸೇಡಂ ರೋಡ್:
ಇದಕ್ಕೆ ಒಂದು ಸಂಗತಿ ಸೇರಿಸುತ್ತೇನೆ. ಕಲಬುರಗಿಯಲ್ಲಿ 1970ರಲ್ಲಿ ಇದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ, 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬೇರೆಯಾಯಿತು. ಆಗ ಬೀದರಿನಿಂದ ಬಳ್ಳಾರಿವರೆಗೆ ಒಂದೇ ಟೀಮು. 2010ರಲ್ಲಿ ಬಳ್ಳಾರಿ ಬೇರೆ, ಆಮೇಲೆ ರಾಯಚೂರು ಬೇರೆ (ಯಾದಗಿರಿ ಅದರ ಜೊತೆ ಹೋಯಿತು), 2023ರಲ್ಲಿ ಬೀದರ್ ಬೇರೆ. ಇದಲ್ಲದೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಊರೊಳಗಿನ ಖಾಸಗಿ ವಿಶ್ವವಿದ್ಯಾಲಯಗಳು. ಒಬ್ಬೊಬ್ಬರೂ ಈಗ ತಮ್ಮದೇ 12 ಹುಡುಗಿಯರನ್ನು ಹುಡುಕಬೇಕು.

ದಕ್ಷಿಣ ವಲಯಕ್ಕೆ ನಮ್ಮ ಕಡೆಯಿಂದ ಹೋಗುವ ಹುಡುಗಿಯರ ಸಂಖ್ಯೆ ಹೆಚ್ಚಾಗುತ್ತದೆ, ಟಿ.ಎ., ಡಿ.ಎ., ಕಿಟ್, ಸರ್ಟಿಫಿಕೇಟ್ ಹೆಚ್ಚು ಜನಕ್ಕೆ ಸಿಗುತ್ತದೆ, ಅದು ಒಳ್ಳೆಯದು. ಆದರೆ ಮೊದಲು ಐದಾರು ಜಿಲ್ಲೆಯಿಂದ ಸೋಸಿ ತೆಗೆಯುತ್ತಿದ್ದ ಟೀಮು ಈಗ ಎರಡು ಮೂರು ಕಾಲೇಜಿನ ಟೀಮು ಆಗುವ ಹಾಗಿದೆ. ನನ್ನ ಮಟ್ಟಿಗೆ ಈ ಹಂಚಿಕೆಯಿಂದ ಆಟ ತೆಳುವಾಗಿದೆ.

ಶಹಾಪುರದಾಕಿ:
ನಾ ಒಪ್ಪಂಗಿಲ್ಲ. ಯಾದಗಿರಿ ಕಡಿ ಹುಡುಗಿಗೆ ಕಲಬುರಗಿಗೆ ಸೆಲೆಕ್ಷನ್‌ಗೆ ಬರೋದೇ ದೊಡ್ಡ ಮಾತಿತ್ತು. ನಾ ಓದೋ ಮುಂದ ಸಂಜಿ ಪ್ರಾಕ್ಟೀಸ್ ಮುಗಿಸಿ ಓಡಿ ಬಂದ್ರೂ ಊರ ಕಡೆ ಕೊನೇ ಬಸ್ ಹೋಗಿರ್ತಿತ್ತು, ಹಾಸ್ಟೆಲ್ ಹುಡುಗ್ಯಾರಿಗೆ ಗೇಟ್ ಬಂದ್. ಹೊತ್ತೇರಿ ಪ್ರಾಕ್ಟೀಸ್ ಮಾಡಂದ್ರ ನಮ್ಮ ಬಿಸಲಾಗ, ಏಪ್ರಿಲ್‌ನಾಗ ನಲವತ್ತೆರಡು ಡಿಗ್ರಿ, ಸಿಮೆಂಟ್ ಕೋರ್ಟ್ ಕಾದ ಹಂಚು. 2023ರಾಗ ಶಕ್ತಿ ಯೋಜನೆ ಬಂತು, ಬಸ್ ಪುಕ್ಕಟೆ ಆತು. ಟಿಕೆಟ್ ಪುಕ್ಕಟೆ ಆದ್ರೂ ಏಳು ಗಂಟಿ ಮ್ಯಾಲ ಬಸ್ಸೇ ಇಲ್ಲದ ಊರಿಗೆ ಏನು ಮಾಡೋದು?

ಬೀದರ್ ಕೋಟೆ:
ಬಸ್ಸಿನ ಮಾತು ಬಂತು ಅಂತ ಹೇಳುತ್ತೇನೆ. ಬಸ್ಸೇ ಬೇಡದ ಹುಡುಗಿಯರು ನಮ್ಮ ಮೂರೂ ಜಿಲ್ಲೆಯಲ್ಲಿದ್ದಾರೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಕಸ್ತೂರಬಾ ಬಾಲಿಕಾ ವಿದ್ಯಾಲಯ. ಆರನೇ ಕ್ಲಾಸಿಗೆ ಸೇರಿದ ಹುಡುಗಿ ಅಲ್ಲೇ ಇರುತ್ತಾಳೆ, ಅಲ್ಲೇ ಉಣ್ಣುತ್ತಾಳೆ. ಬೆಳಿಗ್ಗೆ ಆರಕ್ಕೆ, ಸಂಜೆ ಐದೂವರೆಗೆ ಗ್ರೌಂಡಿನಲ್ಲಿ ಇರಬಹುದು. ಶಹಾಪುರದ ಅಕ್ಕ ಹೇಳಿದ ಓಣಿಗಳ ಹುಡುಗಿಯರೇ ಅಲ್ಲಿ ಹೆಚ್ಚು. ಪಿ.ಡಿ. ಸರ್ ಹೇಳಿದ ಕೆಳಗಿನ ಮನೆ ಅದೇ ಅಲ್ಲವೇ? ಯೂನಿವರ್ಸಿಟಿಗೆ ಒಳಾಂಗಣ ಕ್ರೀಡಾಂಗಣ ಕೇಳುವ ಮೊದಲು ಈ ಶಾಲೆಗಳಿಗೆ ರಿಂಗ್ ಕೇಳಬೇಕು.

ಇನ್ನೊಂದು, ಬಟ್ಟೆ ವಿಚಾರ. ಬೀದರ್, ಕಲಬುರಗಿಯಲ್ಲಿ ತಲೆಗೆ ಬಟ್ಟೆ ಕಟ್ಟುವ ಹುಡುಗಿಯರು ಬಹಳ. ಮೊದಲು ಅಂತರರಾಷ್ಟ್ರೀಯ ನಿಯಮದಲ್ಲಿ ಅದಕ್ಕೆ ಜಾಗವಿರಲಿಲ್ಲ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಹಿಜಾಬ್ ತೆಗೆಯಿರಿ ಅಂದದ್ದಕ್ಕೆ ಕತಾರ್ ಹುಡುಗಿಯರು ಪಂದ್ಯವನ್ನೇ ಬಿಟ್ಟು ಹೋದರು. 2017ರ ಅಕ್ಟೋಬರ್‌ನಿಂದ ಫೀಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮ ಬದಲಾಗಿದೆ, ತಲೆ ಮುಚ್ಚಿಕೊಂಡು ಆಡಬಹುದು. ಮನೆಯವರಿಗೆ ಇದನ್ನು ಯಾರೂ ಹೇಳಿಲ್ಲ. ಹೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಇಮಾಕ್ಯುಲೇಟಾ ಹುಡುಗಿಯರು ಉಣ್ಣೆಯ ಲಂಗದಂಥ ಉಡುಪಿನಲ್ಲೇ ಆಡಿ ರಾಷ್ಟ್ರೀಯ ಕಪ್ ಗೆದ್ದವರು ಅನ್ನುವುದನ್ನೂ ಸೇರಿಸಿ ಹೇಳಿ.

ಸೂಪರ್ ಮಾರ್ಕೆಟ್:
ಬರೋಬ್ಬರಿ ಮಾತು. ಆದ್ರ ಮುಂದ ಏನು? ಆಡಿ ಏನು ಸಿಗ್ತದ ಅಂತ ಅಪ್ಪ ಕೇಳೇ ಕೇಳ್ತಾನ.

ಜೇವರ್ಗಿ ಜಂಪ್‌ಶಾಟ್:
ಅಣ್ಣಾ, ರೈಲ್ವೆ ಅದ, ಸ್ಪೋರ್ಟ್ಸ್ ಕೋಟಾ ಅದ. ಬೆಂಗಳೂರಿನ ಸಂಜನಾ ರಮೇಶ್ ಇದೇ ಆಟದ ಮ್ಯಾಲ ಅಮೆರಿಕದ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿಗೆ ಸ್ಕಾಲರ್‌ಶಿಪ್ ತಗೊಂಡು ಹೋಗ್ಯಾರ. 2017ರಾಗ ಬೆಂಗಳೂರಿನ ಕಂಠೀರವದಾಗೇ ನಮ್ಮ ಭಾರತದ ಹುಡುಗ್ಯಾರು ಏಷ್ಯಾ ಕಪ್ ಬಿ ಡಿವಿಷನ್ ಫೈನಲ್‌ನಾಗ ಕಝಾಕಿಸ್ತಾನಕ್ಕ 75-73 ಸೋಲಿಸಿದ್ರು. ಎರಡೇ ಪಾಯಿಂಟ್! ಪ್ರಶಾಂತಿ ಸಿಂಗ್, ಅನಿತಾ ಪಾಲ್‌ದುರೈ ಇಬ್ಬರಿಗೂ ಪದ್ಮಶ್ರೀ ಬಂದದ. ಅಪ್ಪಗ ಇಷ್ಟು ಹೇಳ್ರಿ ಸಾಕು.

ಶಹಾಪುರದಾಕಿ:
ಅಪ್ಪಗ ಪದ್ಮಶ್ರೀ ಬ್ಯಾಡ, ಗೇಟ್ ಮುಚ್ಚೂದ್ರಾಗ ಮಗಳು ಒಳಗ ಬಂದ್ರ ಸಾಕು.

ಹಳೇ ಪಿ.ಡಿ.:
ಬೀದರಿನವರ ಸಲಹೆ ನನಗೆ ಹಿಡಿಸಿತು. ಜಾಗ, ದುಡ್ಡು ಎರಡೂ ಕಡಿಮೆ ಇದ್ದರೆ ಹೀಗೆ ಮಾಡಬಹುದು. ಪೂರ್ತಿ ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಎಲ್ಲ ಶಾಲೆಯಲ್ಲಿ ಅಷ್ಟು ಸಿಮೆಂಟ್ ಹಾಕಿಸಲು ಆಗುವುದಿಲ್ಲ. ಮೂರು ಜನರ ಆಟಕ್ಕೆ, ಅದೇ ತ್ರೀ ಬೈ ತ್ರೀ, ಒಂದೇ ಕಂಬ, ಒಂದೇ ರಿಂಗ್, 15 ಮೀಟರ್ ಅಗಲ, 11 ಮೀಟರ್ ಉದ್ದ ಸಾಕು. ಹತ್ತು ನಿಮಿಷ, ಅಥವಾ ಮೊದಲು 21 ಪಾಯಿಂಟ್ ಮಾಡಿದವರು ಗೆದ್ದಂತೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಇದು ಬಂದಿದೆ, ಹೆಣ್ಣುಮಕ್ಕಳ ಮೊದಲ ಬಂಗಾರ ಅಮೆರಿಕಕ್ಕೆ. ಕಂಬವನ್ನು ಗೆರೆಯಿಂದ ಎರಡು ಮೀಟರ್ ಹೊರಗೆ ನೆಡಿ, ಸ್ಪಂಜು ಸುತ್ತಿ, ಇಲ್ಲದಿದ್ದರೆ ಲೇಅಪ್‌ಗೆ ಹೋದ ಹುಡುಗಿ ಸೀದಾ ಕಂಬಕ್ಕೆ ಬಡಿಯುತ್ತಾಳೆ. ರಿಂಗ್ 3.05 ಮೀಟರ್ ಎತ್ತರ. ಆರನೇ ಕ್ಲಾಸಿನವರಿಗೆ ಎರಡೂವರೆ ಮೀಟರಿಗೆ ಇಳಿಸುವ ಹಾಗೆ ಮಾಡಿಸಿದರೆ ಕೈ ಕೆಡುವುದಿಲ್ಲ.

ಸೇಡಂ ರೋಡ್:
ಸರ್, ಒಂದು ಅನುಮಾನ. ಹುಡುಗಿಯರನ್ನು ಅರ್ಧ ಅಂಕಣದಿಂದ ಹೊರಗೆ ತರಲು ಅಮೆರಿಕದಲ್ಲಿ 1893ರಿಂದ 1971ರವರೆಗೆ ಬೇಕಾಯಿತು ಅಂತ ನೀವೇ ಮೇಲೆ ಬರೆದಿರಿ. ಈಗ ನಾವೇ ಅರ್ಧ ಅಂಕಣ ಕಟ್ಟಿಸಿ ಇಷ್ಟು ಸಾಕು ಅಂದರೆ, ಉಳಿದರ್ಧ ಯಾವತ್ತೂ ಬರುವುದಿಲ್ಲ. ಗಂಡುಮಕ್ಕಳ ಶಾಲೆಗೆ ಪೂರ್ತಿ, ಹೆಣ್ಣುಮಕ್ಕಳಿಗೆ ಅರ್ಧ ಅಂತ ಫೈಲು ಬರೆಯುವವರು ನಮ್ಮಲ್ಲಿ ಕಡಿಮೆ ಇಲ್ಲ.

ಹಳೇ ಪಿ.ಡಿ.:
ಅದು ಬೇರೆ ಮೇಡಂ. ಹಳೇ ಆಟದಲ್ಲಿ ಅರ್ಧ ಹುಡುಗಿಯರು ಬುಟ್ಟಿಗೆ ಎಸೆಯುವ ಹಾಗೇ ಇರಲಿಲ್ಲ. ತ್ರೀ ಬೈ ತ್ರೀಯಲ್ಲಿ ಪ್ರತಿಯೊಬ್ಬಳೂ ತಡೆಯಬೇಕು, ಎಸೆಯಬೇಕು, ರಿಬೌಂಡ್ ಹಿಡಿಯಬೇಕು, 12 ಸೆಕೆಂಡಿನೊಳಗೆ ಶಾಟ್ ತೆಗೆಯಬೇಕು. ಗಂಡಸರೂ ಅದೇ ಅರ್ಧದಲ್ಲಿ ಆಡುತ್ತಾರೆ. ಫೈಲಿನ ಭಯ ಮಾತ್ರ ಒಪ್ಪಿದೆ. ಅರ್ಜಿಯಲ್ಲಿ ಪೂರ್ತಿ ಕೋರ್ಟಿನ ನಕ್ಷೆ ಹಾಕಿ, ಮೊದಲ ಹಂತ ಅಂತ ಅರ್ಧ ತೋರಿಸಿ. ಎರಡನೇ ಕಂಬದ ಜಾಗ ಈಗಲೇ ಗುರುತು ಮಾಡಿಸಿ, ಅಲ್ಲಿ ನೀರಿನ ಟ್ಯಾಂಕ್ ಕಟ್ಟಿಬಿಡುತ್ತಾರೆ.

ಬೀದರ್ ಕೋಟೆ:
ನಕ್ಷೆ ಯಾರ ಹತ್ತಿರ ಇದ್ದರೂ ಇಲ್ಲೇ ಹಾಕಿ ಸರ್. ಔರಾದ್ ಕಡೆ ಒಂದು ವಸತಿ ಶಾಲೆಯ ಮೇಡಂ ಕೇಳುತ್ತಿದ್ದಾರೆ, ಅವರಲ್ಲಿ ಜಾಗ ಅಳತೆ ಮಾಡಿದ್ದಾರೆ, 30 ಮೀಟರ್ ಇದೆ, ನಡುವೆ ಒಂದು ಬೇವಿನ ಗಿಡ.

ಜೇವರ್ಗಿ ಜಂಪ್‌ಶಾಟ್:
ಗಿಡ ಕಡೀಬ್ಯಾಡ್ರಿ ಮತ್ತ! ಕೋರ್ಟ್ ಈಕಡಿ ಸರಿಸ್ರಿ, ಏಪ್ರಿಲ್‌ನಾಗ ಟೈಮ್‌ಔಟ್‌ಗೆ ನೆರಳು ಬೇಕಾಗ್ತದ.